ಕೆಂಟಕಿ ಹೋದರೆ ಆಟವೇ ಹೋಯಿತು: ಅಮೆರಿಕದ ಅಂತರ್ಯುದ್ಧ ಮತ್ತು ಗಡಿ ರಾಜ್ಯಗಳು

ಓದುಗರ ಪ್ರಶ್ನೆ, ನಮ್ಮ ಉತ್ತರ

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಸಿಕ್ಕಿಕೊಂಡ ರಾಜ್ಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಗುಲಾಮಗಿರಿ ಇದ್ದ ರಾಜ್ಯಗಳೆಲ್ಲ ದಕ್ಷಿಣದ ಪಕ್ಷ, ಇಲ್ಲದವು ಉತ್ತರದ ಪಕ್ಷ ಎಂದು ನನ್ನ ಗೈಡ್ ಪುಸ್ತಕದಲ್ಲಿದೆ. ಹಾಗಿದ್ದರೆ ಗಡಿ ರಾಜ್ಯಗಳು ಯಾವುವು? ಅವುಗಳಿಗೆ ಅಷ್ಟೊಂದು ಮಹತ್ವ ಏಕೆ?
(ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಧಾರವಾಡ)

ಉತ್ತರ: ಗೈಡ್ ಬರೆದವರು ಅವಸರ ಮಾಡಿದ್ದಾರೆ. ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಇದ್ದ ರಾಜ್ಯಗಳು 15; ಒಕ್ಕೂಟ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನ, ಬಿಟ್ಟು ಹೋದವು 11. ಅವೂ ಒಂದೇ ಸಲಕ್ಕೆ ಹೋಗಲಿಲ್ಲ. 1860ರ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಶುರು ಮಾಡಿತು. 1861ರ ಫೆಬ್ರವರಿ 1ಕ್ಕೆ ಟೆಕ್ಸಸ್ ಸೇರಿ ಏಳಾದವು. ಏಪ್ರಿಲ್ 12ರಂದು ಒಕ್ಕೂಟದ ಕೈಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರು ಫಿರಂಗಿ ಹಾರಿಸಿದರು, 15ರಂದು ಅಧ್ಯಕ್ಷ ಲಿಂಕನ್ ರಾಜ್ಯಗಳಿಂದ 75,000 ಸೈನಿಕರನ್ನು ಕೇಳಿದರು. ‘ನಮ್ಮ ಸೋದರ ರಾಜ್ಯಗಳ ಮೇಲೆ ನಮ್ಮ ಹುಡುಗರನ್ನೇ ಕಳಿಸುವುದೇ?’ ಎಂದು ಸಿಟ್ಟಾಗಿ ವರ್ಜೀನಿಯಾ, ಆರ್ಕನ್ಸಾ, ಟೆನೆಸ್ಸೀ, ಉತ್ತರ ಕೆರೊಲಿನಾ ಕೂಡ ಹೊರನಡೆದವು. ಗುಲಾಮಗಿರಿ ಇಟ್ಟುಕೊಂಡೇ ಒಕ್ಕೂಟದಲ್ಲಿ ಉಳಿದ ನಾಲ್ಕು ರಾಜ್ಯಗಳು ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ ಮತ್ತು ಮಿಸೌರಿ. ವರ್ಜೀನಿಯಾದಿಂದ ಸಿಡಿದು 1863ರಲ್ಲಿ ರಾಜ್ಯವಾದ ಪಶ್ಚಿಮ ವರ್ಜೀನಿಯಾವನ್ನೂ ಈ ಸಾಲಿಗೆ ಸೇರಿಸುವುದುಂಟು.

ಮಹತ್ವ ತಿಳಿಯಲು 1860ರ ಜನಗಣತಿ ಸಾಕು. ಮೇರಿಲ್ಯಾಂಡ್, ಕೆಂಟಕಿ, ಮಿಸೌರಿ ಮೂರರಲ್ಲೂ ಸೇರಿ ಬಿಳಿಯರು ಸುಮಾರು 25 ಲಕ್ಷ. ಬಿಟ್ಟುಹೋದ ಹನ್ನೊಂದೂ ರಾಜ್ಯಗಳಲ್ಲಿ ಸುಮಾರು 55 ಲಕ್ಷ. ದಕ್ಷಿಣದ ಸೈನ್ಯಕ್ಕೆ ಸೇರುತ್ತಿದ್ದವರು ಬಿಳಿಯರಾದ್ದರಿಂದ, ಈ ಮೂರು ಅತ್ತ ವಾಲಿದ್ದರೆ ಅದರ ಜನಬಲ ಶೇ 45ರಷ್ಟು ಏರುತ್ತಿತ್ತು. ಕಾರ್ಖಾನೆಗಳ ಶಕ್ತಿ ಶೇ 80ರಷ್ಟು, ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ ಶೇ 40ರ ಹತ್ತಿರ ಹೆಚ್ಚುತ್ತಿತ್ತು ಎಂಬುದು ಇತಿಹಾಸಕಾರರ ಲೆಕ್ಕ. ಹೇಸರಗತ್ತೆ ಎಂದರೆ ನಗಬೇಡಿ. ರೈಲು ನಿಂತ ಕಡೆಯಿಂದ ಮುಂದಕ್ಕೆ ಫಿರಂಗಿ, ಹಿಟ್ಟು, ಮದ್ದು ಎಲ್ಲವನ್ನೂ ಎಳೆದದ್ದು ಅವೇ.

ಇನ್ನೊಂದು ಸಂಗತಿ ಪಟ್ಟಿಗಳಲ್ಲಿ ಕಾಣುವುದಿಲ್ಲ. ಕೆಂಟಕಿಯ ಇಡೀ ಉತ್ತರ ಗಡಿ ಒಹಾಯೊ ನದಿ. ಕೆಂಟಕಿ ದಕ್ಷಿಣದ ಪಾಲಾದರೆ ಯುದ್ಧದ ಗೆರೆ ಆ ದೊಡ್ಡ ನದಿಯ ದಂಡೆ. ಉತ್ತರದ ಸೈನ್ಯ ಮೊದಲ ಹೆಜ್ಜೆ ಇಡುವುದಕ್ಕೇ ಅದನ್ನು ದಾಟಬೇಕು. ಕೆಂಟಕಿ ಉತ್ತರದಲ್ಲಿ ಉಳಿದರೆ ಗೆರೆ ಟೆನೆಸ್ಸೀಗೆ ಜಾರುತ್ತದೆ, ಅಲ್ಲಿ ತಡೆಯಲು ಅಂಥ ನದಿಯಿಲ್ಲ. ಇರುವ ನದಿಗಳು ಬಾಗಿಲು ತೆರೆದುಕೊಡುವಂಥವು.

ಪ್ರಶ್ನೆ: ಮೇರಿಲ್ಯಾಂಡಿನ ಬಾಲ್ಟಿಮೋರ್ ನಗರದಲ್ಲಿ ಸೈನಿಕರು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುವಾಗ ಗಲಭೆಯಾಯಿತು ಎಂದು ಓದಿದೆ. ರೈಲಿನಲ್ಲಿ ಬಂದವರು ನೇರ ವಾಷಿಂಗ್ಟನ್ನಿಗೆ ಏಕೆ ಹೋಗಲಿಲ್ಲ?
(ನಿವೃತ್ತ ರೈಲ್ವೆ ನೌಕರರು, ಹುಬ್ಬಳ್ಳಿ)

ಉತ್ತರ: ಹಳಿ ಇತ್ತು, ಎಂಜಿನ್ ಇರಲಿಲ್ಲ. ಉತ್ತರದಿಂದ ಬರುವ ಕಂಪನಿಯ ರೈಲು ಪ್ರೆಸಿಡೆಂಟ್ ಸ್ಟ್ರೀಟ್ ನಿಲ್ದಾಣದಲ್ಲಿ ನಿಲ್ಲುತ್ತಿತ್ತು. ವಾಷಿಂಗ್ಟನ್ ಕಡೆಯ ರೈಲು ಬೇರೆ ಕಂಪನಿಯದು, ಹೊರಡುವುದು ಕ್ಯಾಮ್ಡೆನ್ ನಿಲ್ದಾಣದಿಂದ. ಎರಡರ ನಡುವೆ ಸುಮಾರು ಒಂದೂವರೆ ಕಿಲೋಮೀಟರ್. ಊರೊಳಗೆ ಉಗಿ ಎಂಜಿನ್ ಓಡಿಸುವಂತಿರಲಿಲ್ಲವಾದ್ದರಿಂದ ಬೋಗಿಗಳನ್ನು ಒಂದೊಂದಾಗಿ ಬಿಡಿಸಿ, ಕುದುರೆ ಕಟ್ಟಿ, ಪ್ರಾಟ್ ಸ್ಟ್ರೀಟಿನ ಹಳಿಯ ಮೇಲೆ ಎಳೆಸುತ್ತಿದ್ದರು.

1861ರ ಏಪ್ರಿಲ್ 19ರಂದು 6ನೇ ಮ್ಯಾಸಚೂಸೆಟ್ಸ್ ರೆಜಿಮೆಂಟು ಹೀಗೆಯೇ ಸಾಗಿತು. ಅದರ ಏಳು ಕಂಪನಿಗಳು (ಸೈನ್ಯದ ತುಕಡಿಗಳು) ದಾಟುವ ಹೊತ್ತಿಗೆ ಜನ ನೆರೆದು ಹಳಿಯ ಮೇಲೆ ಮರಳು ಸುರಿದು, ಬಂದರಿನಿಂದ ಲಂಗರುಗಳನ್ನು ಎಳೆತಂದು ಒಟ್ಟಿದರು. ಉಳಿದ ನಾಲ್ಕು ಕಂಪನಿಗಳು ಇಳಿದು ನಡೆಯಬೇಕಾಯಿತು. ಕಲ್ಲು ಬಿದ್ದವು, ಪಿಸ್ತೂಲು ಸಿಡಿದವು, ಸೈನಿಕರೂ ತಿರುಗಿ ಗುಂಡು ಹಾರಿಸಿದರು. 4 ಸೈನಿಕರು, 12 ನಾಗರಿಕರು ಸತ್ತರು. ಅದೇ ರಾತ್ರಿ ನಗರದ ಉತ್ತರಕ್ಕಿದ್ದ ರೈಲು ಸೇತುವೆಗಳಿಗೆ ಬೆಂಕಿ ಬಿತ್ತು. ತಂತಿಗಳೂ ಕತ್ತರಿಸಿಹೋದವು.

ಇದರ ಪರಿಣಾಮ ನೋಡಿ. ವಾಷಿಂಗ್ಟನ್ನಿನ ಮೂರು ದಿಕ್ಕಿಗೆ ಮೇರಿಲ್ಯಾಂಡ್. ನಾಲ್ಕನೆಯ ದಿಕ್ಕಿನಲ್ಲಿ ಪೊಟೊಮ್ಯಾಕ್ ನದಿ, ಆಚೆ ದಂಡೆಯಲ್ಲಿ ಆಗಷ್ಟೇ ಒಕ್ಕೂಟ ಬಿಟ್ಟ ವರ್ಜೀನಿಯಾ. ಉತ್ತರದಿಂದ ರಾಜಧಾನಿಗೆ ಇದ್ದ ರೈಲು ದಾರಿ ಬಾಲ್ಟಿಮೋರಿನ ಮೇಲೆಯೇ ಹೋಗಬೇಕಿತ್ತು. ಅದು ಮುಚ್ಚಿದ್ದೇ ತಡ, ಸುಮಾರು ಒಂದು ವಾರ ದೇಶದ ರಾಜಧಾನಿಗೆ ಪತ್ರವಿಲ್ಲ, ತಂತಿಯಿಲ್ಲ, ಸೈನ್ಯವಿಲ್ಲ.

ಬೆಂಜಮಿನ್ ಬಟ್ಲರ್ ಎಂಬ ಅಧಿಕಾರಿ ಹುಡುಕಿದ ಸುತ್ತುದಾರಿ ಹೀಗಿತ್ತು: ಫಿಲಡೆಲ್ಫಿಯಾದಿಂದ ಪೆರಿವಿಲ್‌ವರೆಗೆ ರೈಲು, ಅಲ್ಲಿಂದ ರೈಲು ಕಂಪನಿಯದೇ ದೊಡ್ಡ ದೋಣಿಯಲ್ಲಿ ಚೆಸಪೀಕ್ ಕೊಲ್ಲಿಯ ಮೂಲಕ ಅನಾಪೊಲಿಸ್, ಅಲ್ಲಿಂದ ಸುಮಾರು 32 ಕಿಲೋಮೀಟರಿನ ಕವಲು ಹಳಿಯಲ್ಲಿ ಮುಖ್ಯ ಮಾರ್ಗ. ಅನಾಪೊಲಿಸ್‌ನಲ್ಲಿ ಹಳಿ ಕಿತ್ತುಹಾಕಿದ್ದರು. ಷೆಡ್ಡಿನಲ್ಲಿದ್ದ ಎಂಜಿನ್ನನ್ನು ಬಿಚ್ಚಿ ಕೆಲಸಕ್ಕೆ ಬಾರದಂತೆ ಮಾಡಿದ್ದರು. ಬಟ್ಲರನ 8ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನಲ್ಲಿ ಕಮ್ಮಾರರು, ಫಿಟ್ಟರುಗಳು ಬೇಕಾದಷ್ಟಿದ್ದರು. ಚಾರ್ಲ್ಸ್ ಹೋಮನ್ಸ್ ಎಂಬ ಸಿಪಾಯಿ ಎಂಜಿನ್ ನೋಡಿ, ಇದು ತಯಾರಾದದ್ದು ತಾನು ಕೆಲಸ ಮಾಡಿದ ಕಾರ್ಖಾನೆಯಲ್ಲೇ ಎಂದು ಗುರುತಿಸಿ ಜೋಡಿಸಲು ಕೂತ. ಉಳಿದವರು ಕಿತ್ತೆಸೆದ ಹಳಿಗಳನ್ನು ಪೊದೆಗಳಲ್ಲಿ ಹುಡುಕಿ ತಂದು ಹಾಕಿದರು. ಏಪ್ರಿಲ್ 25ರಂದು 7ನೇ ನ್ಯೂಯಾರ್ಕ್ ರೆಜಿಮೆಂಟು ಈ ದಾರಿಯಲ್ಲಿ ವಾಷಿಂಗ್ಟನ್ ತಲುಪಿತು. ಯುದ್ಧದ ಮೊದಲ ತಿಂಗಳಲ್ಲಿ ರಾಜಧಾನಿಯನ್ನು ಉಳಿಸಿದ್ದು ಕೋವಿಗಿಂತ ಹೆಚ್ಚಾಗಿ ಸ್ಪ್ಯಾನರ್ ಎನ್ನಬಹುದು.

ಎರಡು ದಿನ ಬಿಟ್ಟು, 27ರಂದು, ಲಿಂಕನ್ ಫಿಲಡೆಲ್ಫಿಯಾ–ವಾಷಿಂಗ್ಟನ್ ಮಾರ್ಗದ ಆಸುಪಾಸಿನಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕನ್ನು (ಬಂಧಿತನನ್ನು ನ್ಯಾಯಾಲಯದ ಮುಂದೆ ತರಲು ಕೇಳುವ ಹಕ್ಕು) ಅಮಾನತಿನಲ್ಲಿಡಲು ಸೇನೆಗೆ ಅಧಿಕಾರ ಕೊಟ್ಟರು. ಆದೇಶದ ವ್ಯಾಪ್ತಿ ಒಂದು ರಾಜ್ಯವಲ್ಲ, ಒಂದು ಜಿಲ್ಲೆಯೂ ಅಲ್ಲ, ಸೈನ್ಯ ಸಾಗುವ ಹಾದಿ. ಸೇತುವೆ ಸುಟ್ಟ ಆರೋಪದ ಮೇಲೆ ಮೇ 25ರಂದು ಜಾನ್ ಮೆರಿಮನ್ ಬಂಧನವಾದಾಗ, ಈ ಹಕ್ಕನ್ನು ತಡೆಯುವ ಅಧಿಕಾರ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನದು, ಅಧ್ಯಕ್ಷರದ್ದಲ್ಲ ಎಂದು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಬರೆದರು. ಲಿಂಕನ್ ಅದನ್ನು ಪಾಲಿಸಲಿಲ್ಲ. ಮೇರಿಲ್ಯಾಂಡಿನ ಶಾಸಕರು ಏಪ್ರಿಲ್ ಕೊನೆಗೇ 53ಕ್ಕೆ 13 ಮತಗಳಿಂದ ಒಕ್ಕೂಟ ಬಿಡುವುದನ್ನು ತಳ್ಳಿಹಾಕಿದ್ದರು. ಆದರೂ ಸೆಪ್ಟೆಂಬರಿನಲ್ಲಿ ಸೇನೆ ಅವರಲ್ಲಿ ಹಲವರನ್ನು ಹಿಡಿದು ಒಳಗೆ ಹಾಕಿತು. ಏಪ್ರಿಲಿನ ಆದೇಶಕ್ಕೆ ಸಮರ್ಥನೆ ಇದೆ. ಸೆಪ್ಟೆಂಬರಿನ ಬಂಧನಗಳಿಗೆ ಅಷ್ಟು ಗಟ್ಟಿ ಸಮರ್ಥನೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಒಂದು ದೇಶದೊಳಗಿನ ರಾಜ್ಯ ತನ್ನದೇ ದೇಶದ ಯುದ್ಧದಲ್ಲಿ ‘ನಾನು ತಟಸ್ಥ’ ಎನ್ನಲು ಹೇಗೆ ಸಾಧ್ಯ? ಕೆಂಟಕಿಯ ಈ ನಿಲುವಿಗೆ ಕಾನೂನಿನ ಆಧಾರವಿತ್ತೇ?
(ರಾಜ್ಯಶಾಸ್ತ್ರ ಉಪನ್ಯಾಸಕರು, ಮೈಸೂರು)

ಉತ್ತರ: ಕಾನೂನಿನ ಆಧಾರ ಇರಲಿಲ್ಲ. ಎರಡೂ ಕಡೆಯವರು ಕೆಲವು ತಿಂಗಳು ಅದನ್ನು ಸಹಿಸಿಕೊಂಡರು, ಅಷ್ಟೆ.

ಗವರ್ನರ್ ಬೆರಾಯಾ ಮ್ಯಾಗೋಫಿನ್ ಲಿಂಕನ್‌ಗೆ ಸೈನಿಕರನ್ನು ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ತಂತಿ ಕಳಿಸಿದರು. ಶಾಸನಸಭೆಯಲ್ಲಿ ಒಕ್ಕೂಟದ ಪರವಾಗಿದ್ದವರು ಹೆಚ್ಚು, ಆದರೆ ಯುದ್ಧ ಅವರಿಗೂ ಬೇಡ. ಹೀಗಾಗಿ 1861ರ ಮೇ 20ರಂದು ತಟಸ್ಥ ಘೋಷಣೆ ಹೊರಬಿತ್ತು. ಕೆಂಟಕಿಯ ಸಂಕಟವೂ ನಿಜವಾದದ್ದೇ. ಅಲ್ಲಿ ಬೆಳೆಯುತ್ತಿದ್ದ ಹೆಂಪ್ ನಾರಿನಿಂದಲೇ ದಕ್ಷಿಣದ ಹತ್ತಿ ಅಂಡಿಗೆಗಳಿಗೆ ಗೋಣಿಬಟ್ಟೆಯೂ ಹಗ್ಗವೂ ತಯಾರಾಗುತ್ತಿದ್ದವು. ಮಾರುಕಟ್ಟೆ ದಕ್ಷಿಣದಲ್ಲಿ, ಹೊಸ ರೈಲು ಮತ್ತು ಬಂಡವಾಳ ಉತ್ತರದಲ್ಲಿ. ಮನೆಗಳೂ ಒಡೆದಿದ್ದವು. ಸೆನೆಟರ್ ಜಾನ್ ಕ್ರಿಟೆಂಡನ್ ಅವರ ಒಬ್ಬ ಮಗ ಉತ್ತರದ ಜನರಲ್, ಇನ್ನೊಬ್ಬ ದಕ್ಷಿಣದ ಜನರಲ್.

ಲಿಂಕನ್ ಇಲ್ಲಿ ಮೇರಿಲ್ಯಾಂಡಿನಲ್ಲಿ ಮಾಡಿದಂತೆ ಬಲ ತೋರಿಸಲಿಲ್ಲ. ತಟಸ್ಥತೆಗೆ ಒಪ್ಪಿದ್ದೇನೆಂದು ಬರೆದುಕೊಡಲಿಲ್ಲ, ಮುರಿಯಲೂ ಇಲ್ಲ. ಲೂಯಿವಿಲ್–ನ್ಯಾಶ್‌ವಿಲ್ ರೈಲಿನಲ್ಲಿ ಹಿಟ್ಟು, ಹಂದಿಮಾಂಸ ದಕ್ಷಿಣಕ್ಕೆ ಹೋಗುತ್ತಿದ್ದರೂ ಬೇಸಿಗೆಯ ಬಹುಭಾಗ ಕಂಡೂ ಕಾಣದಂತೆ ಇದ್ದರು. ಹಿಂಬಾಗಿಲಿನಲ್ಲಿ ಮಾತ್ರ ಕೆಲಸ ನಡೆದಿತ್ತು. ನೌಕಾಪಡೆಯ ವಿಲಿಯಂ ನೆಲ್ಸನ್ ಸ್ಥಳೀಯ ‘ಹೋಮ್ ಗಾರ್ಡ್’ ಗುಂಪುಗಳಿಗೆ 5,000 ಕೋವಿ ಹಂಚಿದ. ಜನ ಅವನ್ನು ‘ಲಿಂಕನ್ ಕೋವಿ’ ಎಂದೇ ಕರೆದರು. ಜೂನ್ 20ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ 10 ಸ್ಥಾನಗಳಲ್ಲಿ 9 ಒಕ್ಕೂಟದ ಪರ ಬಂದವು. ಆಗಸ್ಟ್ 5ರಂದು ರಾಜ್ಯದ ಕೆಳಮನೆಯಲ್ಲಿ 100ಕ್ಕೆ 76. ಇನ್ನು ಗವರ್ನರ್ ಹಾಕಿದ ವೀಟೋಗೆ ಬೆಲೆಯಿಲ್ಲ. ಮರುದಿನವೇ ಕ್ಯಾಂಪ್ ಡಿಕ್ ರಾಬಿನ್ಸನ್‌ನಲ್ಲಿ ಒಕ್ಕೂಟದ ಸೈನ್ಯ ಭರ್ತಿಯ ಶಿಬಿರ ತೆರೆಯಿತು.

ಆಟ ಕೆಡಿಸಿಕೊಂಡವರು ದಕ್ಷಿಣದವರು. ಮಿಸಿಸಿಪ್ಪಿ ನದಿಯ ಎತ್ತರದ ದಂಡೆಯ ಮೇಲಿದ್ದ ಕೊಲಂಬಸ್ ಊರು ಯಾರ ಕೈಯಲ್ಲಿದ್ದರೆ ನದಿ ಅವರದು. ಎದುರಾಳಿ ಮೊದಲು ಹಿಡಿದಾನು ಎಂದು ಹೆದರಿ ಜನರಲ್ ಲಿಯೊನಿಡಾಸ್ ಪೋಕ್ ಸೆಪ್ಟೆಂಬರ್ 3 ಮತ್ತು 4ರಂದು ಹಿಕ್ಮನ್, ಕೊಲಂಬಸ್ ಎರಡಕ್ಕೂ ಸೈನ್ಯ ನುಗ್ಗಿಸಿದ. ಟೆನೆಸ್ಸೀಯ ಗವರ್ನರೇ ಬೇಡವೆಂದರು. ದಕ್ಷಿಣದ ಯುದ್ಧಮಂತ್ರಿ ಹಿಂದೆ ಸರಿಯಲು ಆದೇಶಿಸಿದ್ದರು, ಆದರೆ ಅಧ್ಯಕ್ಷ ಜೆಫರ್ಸನ್ ಡೇವಿಸ್ ಅನಿವಾರ್ಯವಾದರೆ ಸರಿಯೆಂದು ಬಿಟ್ಟುಬಿಟ್ಟರು. ಉತ್ತರದ ಜನರಲ್ ಯುಲಿಸಿಸ್ ಗ್ರಾಂಟ್‌ಗೆ ಇಷ್ಟೇ ಬೇಕಾಗಿತ್ತು. 6ರ ಬೆಳಿಗ್ಗೆ ಒಂದು ಗುಂಡೂ ಹಾರಿಸದೆ ಪಡೂಕ ಹಿಡಿದ, ಸ್ವಲ್ಪದರಲ್ಲೇ ಸ್ಮಿತ್‌ಲ್ಯಾಂಡ್ ಕೂಡ. ಎರಡೂ ಕಡೆಯ ಸೈನ್ಯ ನೆಲಕ್ಕೆ ಕಾಲಿಟ್ಟಿದ್ದರೂ, ಶಾಸನಸಭೆ ಹೊರಹೋಗಲು ಹೇಳಿದ್ದು ದಕ್ಷಿಣದವರಿಗೆ ಮಾತ್ರ.

ಪೋಕ್‌ಗೆ ಸಿಕ್ಕಿದ್ದು ಒಂದು ಗುಡ್ಡ, ಗ್ರಾಂಟ್‌ಗೆ ಸಿಕ್ಕಿದ್ದು ಎರಡು ನದಿಗಳ ಬಾಯಿ. ಟೆನೆಸ್ಸೀ ನದಿ ಪಡೂಕದಲ್ಲಿ, ಕಂಬರ್‌ಲ್ಯಾಂಡ್ ನದಿ ಸ್ಮಿತ್‌ಲ್ಯಾಂಡಿನಲ್ಲಿ ಒಹಾಯೊಗೆ ಸೇರುತ್ತವೆ. ಎರಡರ ಮೇಲ್ಹರಿವೂ ದಕ್ಷಿಣದ ಒಡಲಿನಲ್ಲಿ. ತಟಸ್ಥತೆ ದಕ್ಷಿಣಕ್ಕೆ ಮಾಡಿದ ನಿಜವಾದ ಕೆಡುಕು ಇಲ್ಲಿ ಕಾಣುತ್ತದೆ. ಬೇಸಿಗೆಯಲ್ಲಿ ಕೋಟೆಗಳಿಗೆ ಜಾಗ ಹುಡುಕಿದ ಎಂಜಿನಿಯರುಗಳು ಕೆಂಟಕಿಯ ನೆಲ ಮುಟ್ಟುವಂತಿರಲಿಲ್ಲ. ಟೆನೆಸ್ಸೀ ರಾಜ್ಯದ ಗಡಿಯೊಳಗೇ, ನದಿಯ ಪಕ್ಕದ ತಗ್ಗಿನಲ್ಲಿ ಫೋರ್ಟ್ ಹೆನ್ರಿ ಎದ್ದಿತು. ಎದುರು ದಂಡೆಯಲ್ಲಿ, ಕೆಂಟಕಿಯಲ್ಲಿ, ಎತ್ತರದ ಗುಡ್ಡಗಳಿದ್ದವು. ಅಲ್ಲಿ ಫೋರ್ಟ್ ಹೈಮನ್ ಕಟ್ಟಲು ಕೈಹಚ್ಚುವ ಹೊತ್ತಿಗೆ ತಡವಾಗಿತ್ತು. 1862ರ ಫೆಬ್ರವರಿ 6ರಂದು ಉತ್ತರದ ಏಳು ಗನ್‌ಬೋಟುಗಳು ದಾಳಿ ಮಾಡಿದಾಗ ನದಿ ಉಕ್ಕಿ ನೀರು ಕೋಟೆಯೊಳಗೇ ನಿಂತಿತ್ತು. ಶರಣಾಗತಿ ಪಡೆಯಲು ಬಂದ ದೋಣಿ ಕೋಟೆಯ ಬಾಗಿಲಿನಲ್ಲೇ ಒಳಗೆ ತೇಲಿಬಂತು. ಹತ್ತು ದಿನಕ್ಕೆ, ಫೆಬ್ರವರಿ 16ರಂದು, ಕಂಬರ್‌ಲ್ಯಾಂಡ್ ಮೇಲಿನ ಫೋರ್ಟ್ ಡೊನೆಲ್ಸನ್ ಬಿತ್ತು. ಸೆರೆ ಸಿಕ್ಕವರು 12,000ಕ್ಕೂ ಹೆಚ್ಚು. ಅಲ್ಲಿ ಶರಣಾದ ಜನರಲ್ ಬಕ್ನರ್ ಹಿಂದಿನ ವರ್ಷ ಕೆಂಟಕಿಯ ತಟಸ್ಥ ‘ಸ್ಟೇಟ್ ಗಾರ್ಡ್’ ಪಡೆಯ ಮುಖ್ಯಸ್ಥನಾಗಿದ್ದವನು. 25ಕ್ಕೆ ನ್ಯಾಶ್‌ವಿಲ್ ಹೋಯಿತು. ನದಿಗೆ ಅಡ್ಡಲಾಗಿ ಭಾರಿ ಸರಪಳಿ ಬಿಗಿದು ಕಾಯುತ್ತಿದ್ದ ಕೊಲಂಬಸ್‌ಗೆ ಯಾರೂ ಮುತ್ತಿಗೆ ಹಾಕಲೇ ಇಲ್ಲ. ಬೆನ್ನಿಗೇ ಶತ್ರು ಬಂದದ್ದರಿಂದ ಸೈನ್ಯ ತಾನಾಗಿಯೇ ಖಾಲಿ ಮಾಡಿತು.

1862ರ ಶರತ್ಕಾಲದಲ್ಲಿ ದಕ್ಷಿಣದ ಸೈನ್ಯ ಜನರಲ್ ಬ್ರ್ಯಾಗ್ ಜೊತೆ ಕೆಂಟಕಿಗೆ ಮತ್ತೆ ಬಂತು. ಕೆಂಟಕಿಯ ಹುಡುಗರು ಸೇರುತ್ತಾರೆಂದು ಸಾವಿರಗಟ್ಟಲೆ ಹೆಚ್ಚುವರಿ ರೈಫಲ್ ತಂದಿದ್ದರು. ಬಹುಪಾಲು ಪೆಟ್ಟಿಗೆಯಲ್ಲೇ ಉಳಿದವು. ಅಕ್ಟೋಬರ್ 4ರಂದು ಫ್ರಾಂಕ್‌ಫರ್ಟ್‌ನಲ್ಲಿ ಪ್ರಮಾಣವಚನ ಪಡೆದ ದಕ್ಷಿಣದ ಗವರ್ನರ್ ಅದೇ ದಿನ ಊರು ಬಿಡಬೇಕಾಯಿತು. 8ರಂದು ಕೆಂಟಕಿಯದೇ ಇನ್ನೊಂದು ಪೆರಿವಿಲ್‌ನಲ್ಲಿ ಕದನ, ನಂತರ ವಾಪಸ್.

ಪ್ರಶ್ನೆ: ‘ದೇವರು ನನ್ನ ಕಡೆ ಇರಲಿ ಎಂಬ ಆಸೆಯಿದೆ, ಆದರೆ ಕೆಂಟಕಿ ಇರಲೇಬೇಕು’ ಎಂದು ಲಿಂಕನ್ ಹೇಳಿದ್ದು ನಿಜವೇ?
(ಓದುಗರು, ಉಡುಪಿ)

ಉತ್ತರ: ಆ ಕಾಲದ ಯಾವ ದಾಖಲೆಯಲ್ಲೂ ಇಲ್ಲ. ಭಾಷಣದಲ್ಲಿ ಬಳಸಬೇಡಿ. ದಾಖಲೆಯಿರುವುದು 1861ರ ಸೆಪ್ಟೆಂಬರ್ 22ರಂದು ಸೆನೆಟರ್ ಆರ್ವಿಲ್ ಬ್ರೌನಿಂಗ್ ಅವರಿಗೆ ಬರೆದ ಪತ್ರ. ಕೆಂಟಕಿ ಕಳೆದುಕೊಂಡರೆ ಇಡೀ ಆಟ ಕಳೆದುಕೊಂಡಂತೆಯೇ. ಅದು ಹೋದರೆ ಮಿಸೌರಿ ಉಳಿಯದು, ಮೇರಿಲ್ಯಾಂಡೂ ಉಳಿಯದು. ಇವೆಲ್ಲ ಎದುರಾದರೆ ಕೆಲಸ ನಮ್ಮ ಕೈಮೀರಿದ್ದು, ರಾಜಧಾನಿಯನ್ನೂ ಒಪ್ಪಿಸಿ ಈಗಲೇ ಬೇರೆಯಾಗಲು ಒಪ್ಪಿಬಿಡಬಹುದು ಎಂಬುದು ಅದರ ತಾತ್ಪರ್ಯ.

ಪ್ರಶ್ನೆ: ಮಿಸೌರಿಯೂ ಒಕ್ಕೂಟದಲ್ಲೇ ಉಳಿಯಿತು. ಆದರೂ ಅಲ್ಲಿ ನಾಲ್ಕೂ ವರ್ಷ ರಕ್ತ ಹರಿದದ್ದೇಕೆ?
(ಪತ್ರಿಕೋದ್ಯಮ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಕೆಂಟಕಿಯಲ್ಲಿ ತೋರಿಸಿದ ತಾಳ್ಮೆಯನ್ನು ಇಲ್ಲಿ ಯಾರೂ ತೋರಿಸಲಿಲ್ಲ.

1861ರ ಮಾರ್ಚ್‌ನಲ್ಲಿ ಮಿಸೌರಿಯ ವಿಶೇಷ ಸಮಾವೇಶ 98ಕ್ಕೆ 1ರಂತೆ ಒಕ್ಕೂಟ ಬಿಡುವುದು ಬೇಡ ಎಂದಿತ್ತು. ಆದರೆ ಗವರ್ನರ್ ಕ್ಲೇಬೋರ್ನ್ ಜ್ಯಾಕ್ಸನ್ ಒಳಗೊಳಗೇ ದಕ್ಷಿಣದ ಮನುಷ್ಯ. ಎಲ್ಲರ ಕಣ್ಣು ಸೇಂಟ್ ಲೂಯಿಸ್‌ನ ಶಸ್ತ್ರಾಗಾರದ ಮೇಲೆ. ಗುಲಾಮಗಿರಿ ಇದ್ದ ರಾಜ್ಯಗಳಲ್ಲೆಲ್ಲ ಅದೇ ದೊಡ್ಡದು, ಹತ್ತಾರು ಸಾವಿರ ಕೋವಿಗಳು ಅಲ್ಲಿದ್ದವು. ಅಲ್ಲಿನ ಕ್ಯಾಪ್ಟನ್ ನಥಾನಿಯಲ್ ಲಯನ್, ರಾಜಕಾರಣಿ ಫ್ರಾಂಕ್ ಬ್ಲೇರ್ ಜೊತೆ ಸೇರಿ, ನಗರದ ಜರ್ಮನ್ ವಲಸಿಗರನ್ನು ಕಾವಲುಪಡೆಯಾಗಿ ಕಟ್ಟಿದ. ಏಪ್ರಿಲ್ 25ರ ರಾತ್ರಿ 20,000ಕ್ಕೂ ಹೆಚ್ಚು ಕೋವಿಗಳನ್ನು ಸ್ಟೀಮರಿಗೆ ತುಂಬಿ ನದಿಯಾಚೆ ಇಲಿನಾಯ್‌ಗೆ ಸಾಗಿಸಲಾಯಿತು. ಜನರ ಗಮನ ಬೇರೆಡೆ ಸೆಳೆಯಲು ಹಳೇ ಕೋವಿಗಳ ಪೆಟ್ಟಿಗೆಗಳನ್ನು ಮೊದಲು ಇನ್ನೊಂದು ಕಟ್ಟೆಗೆ ಕಳಿಸಿದ್ದರು. ಭಾರವೆಲ್ಲ ಮುಂಭಾಗಕ್ಕೆ ಬಿದ್ದು ಸ್ಟೀಮರ್ ಬಂಡೆಗೆ ಸಿಕ್ಕಿಕೊಂಡಿತು, ಪೆಟ್ಟಿಗೆಗಳನ್ನು ಹಿಂಭಾಗಕ್ಕೆ ಹೊತ್ತುಹಾಕಿದ ಮೇಲೆ ಕಿತ್ತುಕೊಂಡು ಹೊರಟಿತು ಎಂದು ಆ ಕಾಲದ ವರದಿ ಹೇಳುತ್ತದೆ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಊರಾಚೆ ಬೀಡುಬಿಟ್ಟಿದ್ದ ರಾಜ್ಯದ ಮಿಲಿಷಿಯಾ (ನಾಗರಿಕರ ಪಡೆ) ಶಿಬಿರವನ್ನು ಲಯನ್ ಮೇ 10ರಂದು ಸುತ್ತುವರಿದ. ಶಿಬಿರಕ್ಕೆ ದಕ್ಷಿಣದ ನಂಟಿದೆ ಎಂಬ ಅವನ ಅನುಮಾನ ಸುಳ್ಳೇನಲ್ಲ, ಬೇಟನ್ ರೂಜ್‌ನ ಶಸ್ತ್ರಾಗಾರದಿಂದ ದಕ್ಷಿಣದವರು ಕಳಿಸಿದ್ದ ಫಿರಂಗಿಗಳು ‘ಅಮೃತಶಿಲೆ’ ಎಂದು ಬರೆದ ಪೆಟ್ಟಿಗೆಗಳಲ್ಲಿ ಅಲ್ಲಿಗೆ ಬಂದಿದ್ದವು. ಶಿಬಿರ ಶರಣಾಯಿತು. ತಪ್ಪಿದ್ದು ನಂತರ. ಸೆರೆ ಸಿಕ್ಕ ಸುಮಾರು 670 ಜನರನ್ನು ನಗರದ ಬೀದಿಗಳಲ್ಲಿ ಮೆರವಣಿಗೆಯಂತೆ ನಡೆಸಲಾಯಿತು. ಕಲ್ಲು, ಬೈಗುಳ, ಗುಂಡು. 28ರಷ್ಟು ಜನ ಸತ್ತರು. ಆವರೆಗೆ ಒಕ್ಕೂಟದ ಪರವಿದ್ದ ಮಾಜಿ ಗವರ್ನರ್ ಸ್ಟರ್ಲಿಂಗ್ ಪ್ರೈಸ್ ಈ ಘಟನೆಯ ಮೇಲೆ ದಕ್ಷಿಣದ ಕಡೆ ಹೋದ. ಜೂನ್ 11ರಂದು ಗವರ್ನರ್ ಜ್ಯಾಕ್ಸನ್ ಜೊತೆ ಹೋಟೆಲೊಂದರಲ್ಲಿ ನಡೆದ ಸಂಧಾನ ಗಂಟೆಗಟ್ಟಲೆ ಎಳೆದು, ಇನ್ನು ಯುದ್ಧವೇ ಎಂದು ಹೇಳಿ ಲಯನ್ ಎದ್ದುಹೋದ. ನಾಲ್ಕೇ ದಿನಕ್ಕೆ ರಾಜ್ಯದ ರಾಜಧಾನಿ ಅವನ ಕೈಯಲ್ಲಿತ್ತು. ಆಗಸ್ಟ್ 10ರಂದು ವಿಲ್ಸನ್ಸ್ ಕ್ರೀಕ್‌ನಲ್ಲಿ ಸತ್ತ.

ಅವನ ಆತುರದಿಂದ ಒಕ್ಕೂಟಕ್ಕೆ ಸಿಕ್ಕಿದ್ದು ಕಡಿಮೆಯಲ್ಲ: ಮಿಸಿಸಿಪ್ಪಿಯ ದೊಡ್ಡ ಬಂದರು, ಮಿಸೌರಿ ನದಿ, ರೈಲುಗಳು, ಕಾರ್ಖಾನೆಗಳು. ಫೋರ್ಟ್ ಹೆನ್ರಿಗೆ ಹೋದ ಕಬ್ಬಿಣದ ಹೊದಿಕೆಯ ದೋಣಿಗಳ ಪೈಕಿ ಕೆಲವು ಸೇಂಟ್ ಲೂಯಿಸ್ ಪಕ್ಕದ ಕ್ಯಾರೊಂಡಲೆಟ್‌ನಲ್ಲೇ ಜೇಮ್ಸ್ ಈಡ್ಸ್ ಕಟ್ಟಿದವು. ಆದರೆ ಹಳ್ಳಿಗಾಡು ಕೈತಪ್ಪಿತು. ಸೆಪ್ಟೆಂಬರಿನಲ್ಲಿ ಲೆಕ್ಸಿಂಗ್ಟನ್ ಊರಿಗೆ ಮುತ್ತಿದ ಪ್ರೈಸನ ಜನ ಗೋದಾಮುಗಳಿಂದ ಹೆಂಪ್ ಅಂಡಿಗೆಗಳನ್ನು ತಂದು, ಕಾದ ಗುಂಡಿನಿಂದ ಬೆಂಕಿ ಹತ್ತದಿರಲಿ ಎಂದು ನೀರಿನಲ್ಲಿ ನೆನೆಸಿ, ಅವುಗಳ ಮರೆಯಲ್ಲಿ ಉರುಳಿಸುತ್ತ ಉರುಳಿಸುತ್ತ ಮುಂದುವರಿದು 20ರಂದು ಊರು ಗೆದ್ದರು. ದೊಡ್ಡ ಸೈನ್ಯಗಳು ಹೋದ ಮೇಲೆ ಗುಂಪುಗಳು ಉಳಿದವು. 1863ರ ಆಗಸ್ಟ್ 21ರಂದು ದಕ್ಷಿಣದ ಪರ ಗೆರಿಲ್ಲಾ ಕ್ವಾಂಟ್ರಿಲ್‌ನ ಗುಂಪು ಪಕ್ಕದ ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ ಸುಮಾರು 150 ಗಂಡಸರನ್ನು ಕೊಂದಿತು. ನಾಲ್ಕು ದಿನಕ್ಕೆ ಒಕ್ಕೂಟದ ಜನರಲ್ ಯೂಯಿಂಗ್‌ನ 11ನೇ ಆದೇಶ: ಮಿಸೌರಿ ಗಡಿಯ ಮೂರು ಕೌಂಟಿಗಳಲ್ಲೂ (ಜಿಲ್ಲೆಗಳಂಥವು) ನಾಲ್ಕನೆಯದರ ಒಂದು ಭಾಗದಲ್ಲೂ ಸೇನಾ ಠಾಣ್ಯಗಳಿಂದ ದೂರ ಇರುವವರೆಲ್ಲ 15 ದಿನದಲ್ಲಿ ಮನೆ ಖಾಲಿ ಮಾಡಬೇಕು. ಬೆಳೆ ಸುಟ್ಟರು, ಮನೆ ಸುಟ್ಟರು. ಗೆರಿಲ್ಲಾಗಳಿಗೆ ಅನ್ನ ಸಿಗಬಾರದು ಎಂಬುದು ಲೆಕ್ಕಾಚಾರ. ಒಕ್ಕೂಟಕ್ಕೆ ನಿಷ್ಠರಾದವರೂ ಬೀದಿಗೆ ಬಿದ್ದರು. ಯುದ್ಧ ಮುಗಿಯುವಷ್ಟರಲ್ಲಿ ಮಿಸೌರಿಯಲ್ಲಿ 1,000ಕ್ಕೂ ಹೆಚ್ಚು ಕಾದಾಟಗಳಾಗಿದ್ದವು. ವರ್ಜೀನಿಯಾ, ಟೆನೆಸ್ಸೀ ಬಿಟ್ಟರೆ ಬೇರೆಲ್ಲೂ ಇಷ್ಟಿಲ್ಲ.

ಪ್ರಶ್ನೆ: ಮಿಸೌರಿಯಲ್ಲಿ ಜನರಲ್ ಫ್ರೀಮಾಂಟ್ ಗುಲಾಮರನ್ನು ಬಿಡುಗಡೆ ಮಾಡಿದಾಗ ಲಿಂಕನ್ ಅದನ್ನು ರದ್ದು ಮಾಡಿದರಂತೆ. ಗುಲಾಮರ ವಿಮೋಚಕ ಎಂದು ನಾವು ಓದುವ ಮನುಷ್ಯ ಇವರೇನಾ?
(ಪ್ರೌಢಶಾಲಾ ಶಿಕ್ಷಕಿ, ಮಂಡ್ಯ)

ಉತ್ತರ: ಇವರೇ. ಗಡಿ ರಾಜ್ಯಗಳನ್ನು ಉಳಿಸಿಕೊಂಡ ಬೆಲೆಯನ್ನು ತೆತ್ತವರು ಅಲ್ಲಿನ ಗುಲಾಮರು.

1861ರ ಆಗಸ್ಟ್ 30ರಂದು ಫ್ರೀಮಾಂಟ್, ಮಿಸೌರಿಯ ಬಂಡುಕೋರರ ಗುಲಾಮರು ಸ್ವತಂತ್ರರು ಎಂದು ಸಾರಿದರು. ಅದು ಕೆಂಟಕಿ ತೂಗುಯ್ಯಾಲೆಯಲ್ಲಿದ್ದ ವಾರ. ಸುದ್ದಿ ಕೇಳಿ ಕೆಂಟಕಿಯ ಸ್ವಯಂಸೇವಕರ ಒಂದು ಇಡೀ ಕಂಪನಿ ಆಯುಧ ಕೆಳಗಿಟ್ಟು ಚದುರಿತು ಎಂದು ಬ್ರೌನಿಂಗ್ ಪತ್ರದಲ್ಲಿ ಲಿಂಕನ್ನೇ ಬರೆದಿದ್ದಾರೆ. ಮೊದಲು ಖಾಸಗಿಯಾಗಿ ಕೇಳಿಕೊಂಡರು. ಫ್ರೀಮಾಂಟ್ ಒಪ್ಪದಿದ್ದಾಗ ಸೆಪ್ಟೆಂಬರ್ 11ರಂದು ಬಹಿರಂಗ ಆದೇಶದಿಂದ ತಿದ್ದಿದರು.

ಹಣ ಕೊಟ್ಟು ಬಿಡಿಸುವ ಇನ್ನೊಂದು ದಾರಿಯನ್ನೂ ಹಿಡಿದರು. 1862ರ ಮಾರ್ಚ್ 14ರ ಪತ್ರವೊಂದರಲ್ಲಿ ಅವರ ಲೆಕ್ಕ ಹೀಗಿದೆ: ಗಡಿ ರಾಜ್ಯಗಳು ಮತ್ತು ವಾಷಿಂಗ್ಟನ್ ಸೇರಿ ಗುಲಾಮರು 4,32,622. ತಲೆಗೆ 400 ಡಾಲರ್‌ನಂತೆ 17,30,48,800 ಡಾಲರ್. ಯುದ್ಧದ ಖರ್ಚು ದಿನಕ್ಕೆ 20 ಲಕ್ಷ. 87 ದಿನದ ಖರ್ಚಿನಲ್ಲಿ ಎಲ್ಲರಿಗೂ ಪರಿಹಾರ ಕೊಡಬಹುದು. ಡೆಲವೇರಿನಲ್ಲಿದ್ದವರು ಬರೀ 1,798. ಅರ್ಧ ದಿನದ ಖರ್ಚೂ ಬೇಡ. ಡೆಲವೇರ್ ಕೂಡ ಒಪ್ಪಲಿಲ್ಲ. 1862ರ ಜುಲೈನಲ್ಲಿ ಗಡಿ ರಾಜ್ಯಗಳ ಕಾಂಗ್ರೆಸ್ ಸದಸ್ಯರನ್ನು ಕರೆಸಿ ಕೇಳಿಕೊಂಡರು, ಹೆಚ್ಚಿನವರು ಆಗದು ಎಂದರು. 1863ರ ಜನವರಿ 1ರ ವಿಮೋಚನಾ ಘೋಷಣೆ ಈ ರಾಜ್ಯಗಳಿಗೆ ಅನ್ವಯಿಸಲಿಲ್ಲ.

ಮೇರಿಲ್ಯಾಂಡ್ 1864ರ ನವೆಂಬರ್ 1ರಂದು ಹೊಸ ಸಂವಿಧಾನದಿಂದ ಗುಲಾಮಗಿರಿ ತೆಗೆಯಿತು. 30,174 ಪರ, 29,799 ವಿರುದ್ಧ. 375 ಮತಗಳ ಅಂತರ, ಅದೂ ಸೈನಿಕರ ಮತದಿಂದ. ಮಿಸೌರಿ 1865ರ ಜನವರಿ 11ರಂದು. ಕೆಂಟಕಿ, ಡೆಲವೇರ್‌ಗಳಲ್ಲಿ ಯುದ್ಧ ಮುಗಿದ ಮೇಲೂ, 1865ರ ಡಿಸೆಂಬರಿನಲ್ಲಿ ಗುಲಾಮಗಿರಿ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿ ಜಾರಿಯಾಗುವವರೆಗೂ ಮುಂದುವರಿಯಿತು. ಆ ತಿದ್ದುಪಡಿಗೆ ಕೆಂಟಕಿಯ ಶಾಸನಸಭೆ ಒಪ್ಪಿಗೆ ಕೊಟ್ಟದ್ದು 1976ರಲ್ಲಿ.

ಹಾಗೆಂದು ಗುಲಾಮರು ಕಾದು ಕೂತಿರಲಿಲ್ಲ. 1864ರಿಂದ ಕೆಂಟಕಿಯ ಸುಮಾರು 24,000 ಕಪ್ಪು ಜನ ಒಕ್ಕೂಟದ ಸೈನ್ಯ ಸೇರಿದರು. ಲೂಸಿಯಾನಾ ಬಿಟ್ಟರೆ ಅತಿ ಹೆಚ್ಚು. ಸೇರಿದವನು ಸ್ವತಂತ್ರ, ಆದರೆ ಹೆಂಡತಿ ಮಕ್ಕಳಲ್ಲ. 1864ರ ನವೆಂಬರಿನ ಚಳಿಯಲ್ಲಿ ಕ್ಯಾಂಪ್ ನೆಲ್ಸನ್ ಶಿಬಿರದಿಂದ 400 ಹೆಂಗಸರು ಮಕ್ಕಳನ್ನು ಹೊರಹಾಕಲಾಯಿತು. ಸುಮಾರು 100 ಜನ ಸತ್ತರು. ಆ ಗದ್ದಲದ ನಂತರವೇ, 1865ರ ಮಾರ್ಚ್‌ನಲ್ಲಿ, ಸೈನಿಕರ ಕುಟುಂಬಗಳಿಗೆ ಬಿಡುಗಡೆ ಕೊಡುವ ಕಾನೂನು ಬಂತು.

ಪ್ರಶ್ನೆ: ಪಶ್ಚಿಮ ವರ್ಜೀನಿಯಾದ ನಕ್ಷೆ ನೋಡಿದರೆ ಪೂರ್ವಕ್ಕೆ ಬಾಲದಂತೆ ಒಂದು ತುಂಡು ಚಾಚಿದೆ. ಏಕೆ?
(ಓದುಗರು, ಶಿರಸಿ)

ಉತ್ತರ: ರೈಲಿಗಾಗಿ. ಬಾಲ್ಟಿಮೋರ್–ಒಹಾಯೊ ಮಾರ್ಗ ಹಾರ್ಪರ್ಸ್ ಫೆರಿ, ಮಾರ್ಟಿನ್ಸ್‌ಬರ್ಗ್ ಮೂಲಕ ವೀಲಿಂಗ್‌ಗೆ ಹೋಗುತ್ತಿತ್ತು. ಪೂರ್ವಕ್ಕೂ ಪಶ್ಚಿಮಕ್ಕೂ ಸೈನ್ಯ ಸಾಗಿಸಲು ಅದು ಬೆನ್ನೆಲುಬು. ಬರ್ಕ್ಲಿ, ಜೆಫರ್ಸನ್ ಕೌಂಟಿಗಳನ್ನು ಸೇರಿಸಿಕೊಂಡದ್ದರಿಂದ ವರ್ಜೀನಿಯಾದ ನೆಲದ ಮೇಲೆ ಹಾದುಹೋಗುತ್ತಿದ್ದ ಹಳಿಯೆಲ್ಲ ಹೊಸ ರಾಜ್ಯಕ್ಕೆ ಬಂತು. ವರ್ಜೀನಿಯಾ ಆ ಎರಡಕ್ಕಾಗಿ ಸುಪ್ರೀಂ ಕೋರ್ಟಿಗೆ ಹೋಗಿ 1871ರಲ್ಲಿ ಸೋತಿತು. ಅಮೆರಿಕದ ಸಂವಿಧಾನದಲ್ಲಿ ರಾಜ್ಯ ಒಡೆಯಲು ಮೂಲ ರಾಜ್ಯದ ಒಪ್ಪಿಗೆ ಬೇಕು. ವೀಲಿಂಗ್‌ನಲ್ಲಿ ಕೂತ ಒಕ್ಕೂಟಪರ ‘ವರ್ಜೀನಿಯಾ ಸರ್ಕಾರ’ ಆ ಒಪ್ಪಿಗೆ ಕೊಟ್ಟಿತು, ಅಂದರೆ ಬೇಕಾದವರೇ ಕೊಟ್ಟುಕೊಂಡರು. ನಮ್ಮ ಸಂವಿಧಾನದ 3ನೇ ವಿಧಿಯಲ್ಲಿ ಈ ಕಷ್ಟವಿಲ್ಲ, ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು. 2014ರಲ್ಲಿ ಆಂಧ್ರ ವಿಧಾನಸಭೆ ಬೇಡವೆಂದರೂ ತೆಲಂಗಾಣ ಆಯಿತು.

ಪ್ರಶ್ನೆ: ಈ ಯುದ್ಧದಿಂದ ನಮ್ಮ ಕಡೆ ಹತ್ತಿಗೆ ಬಂಗಾರದ ಬೆಲೆ ಬಂದಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಹೌದೇ?
(ರೈತರು, ಗದಗ)

ಉತ್ತರ: ಹೌದು. ಉತ್ತರದ ನೌಕಾ ದಿಗ್ಬಂಧನದಿಂದ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತು, ಮುಂಬಯಿ ಮೂಲಕ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಅದರಲ್ಲೂ 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ಇಲ್ಲಿ ಬೇರೂರಿದ್ದ ‘ಧಾರವಾಡ–ಅಮೆರಿಕನ್’ ತಳಿಗೆ. ಬೆಲೆ ಏರಿದಂತೆ ಕಲಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲು ಕಾನೂನೇ ತಂದಿತು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋದದ್ದರ ಹಿಂದೆಯೂ ಕಾರವಾರವನ್ನು ಹತ್ತಿಯ ಬಂದರು ಮಾಡುವ ಆಸೆಯಿತ್ತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು.

ಪ್ರಶ್ನೆ: ತರಗತಿಯಲ್ಲಿ ಇದನ್ನು ನಕ್ಷೆ ಬರೆಸಿ ಕಲಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
(ಸಮಾಜ ವಿಜ್ಞಾನ ಶಿಕ್ಷಕರು, ಶಿವಮೊಗ್ಗ)

ಉತ್ತರ: ರಾಜ್ಯಗಳ ಗೆರೆಯಿಂದಲ್ಲ, ನದಿಗಳಿಂದ. ಒಂದು ಚಾರ್ಟ್ ಹಾಳೆಯ ಮೇಲೆ ನೀಲಿಯಲ್ಲಿ ಆರು ನದಿ ಸಾಕು: ಮಿಸಿಸಿಪ್ಪಿ, ಮಿಸೌರಿ, ಒಹಾಯೊ, ಟೆನೆಸ್ಸೀ, ಕಂಬರ್‌ಲ್ಯಾಂಡ್, ಪೊಟೊಮ್ಯಾಕ್. ಪ್ರತಿಯೊಂದಕ್ಕೂ ಹರಿವಿನ ಬಾಣ ಹಾಕಿಸಿ. ಮಕ್ಕಳು ಎಡವುವುದು ಟೆನೆಸ್ಸೀ ನದಿಯಲ್ಲಿ. ಅದು ದಕ್ಷಿಣಕ್ಕೆ ಅಲಬಾಮಾದವರೆಗೆ ಇಳಿದು, ತಿರುಗಿ ಉತ್ತರಕ್ಕೆ ಹರಿಯುತ್ತದೆ. ಎಲ್ಲ ನದಿಯೂ ಕೆಳಮುಖ ಎಂದು ಬಾಣ ಹಾಕಿದರೆ ಗ್ರಾಂಟ್ ಪಡೂಕ ಏಕೆ ಹಿಡಿದ ಎಂಬುದೇ ತಿಳಿಯುವುದಿಲ್ಲ.

ನಂತರ ಕಪ್ಪಿನಲ್ಲಿ ಮೂರು ರೈಲು: ಬಾಲ್ಟಿಮೋರ್–ವೀಲಿಂಗ್, ಲೂಯಿವಿಲ್–ನ್ಯಾಶ್‌ವಿಲ್, ಮಿಸೌರಿಯ ಹ್ಯಾನಿಬಲ್–ಸೇಂಟ್ ಜೋಸೆಫ್. ಲೂಯಿವಿಲ್‌ನಲ್ಲಿ ಒಹಾಯೊ ಮೇಲೆ, ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ಮೇಲೆ ಹಳಿ ದಾಟಿಸಬೇಡಿ. ಆ ಸೇತುವೆಗಳು 1870 ಮತ್ತು 1874ರವು, ಯುದ್ಧಕಾಲದಲ್ಲಿ ದೋಣಿಯೇ ಗತಿ. ಊರುಗಳಲ್ಲಿ ಕೈರೊ (ಒಹಾಯೊ ಮಿಸಿಸಿಪ್ಪಿಗೆ ಸೇರುವಲ್ಲಿನ ಇಲಿನಾಯ್ ಊರು), ಪಡೂಕ, ಕೊಲಂಬಸ್, ಸೇಂಟ್ ಲೂಯಿಸ್, ಲೂಯಿವಿಲ್, ಬಾಲ್ಟಿಮೋರ್, ಹಾರ್ಪರ್ಸ್ ಫೆರಿ ಗುರುತಿಸಿದರೆ ಸಾಕು. ರಾಜ್ಯಗಳ ಗೆರೆ ಕೊನೆಗೆ, ಪೆನ್ಸಿಲ್‌ನಲ್ಲಿ. 1861ರ ನಕ್ಷೆಯಾದರೆ ವರ್ಜೀನಿಯಾ ಒಂದೇ ರಾಜ್ಯ. ಒಡೆಯುವ ಗೆರೆಯನ್ನು 1863ರ ಜೂನ್ 20ಕ್ಕೆ ಬಂದಾಗ ಎಳೆಸಿ.

ಮೊಬೈಲಿನ ನಕ್ಷೆ ತೋರಿಸುವುದಾದರೆ ಒಂದು ಎಚ್ಚರ. ಪಡೂಕದ ದಕ್ಷಿಣಕ್ಕೆ ಅಕ್ಕಪಕ್ಕ ಎರಡು ಉದ್ದನೆಯ ಸರೋವರಗಳು ಕಾಣುತ್ತವೆ. ಅವು 20ನೇ ಶತಮಾನದ ಅಣೆಕಟ್ಟುಗಳ ಹಿನ್ನೀರು. ಟೆನೆಸ್ಸೀ ನದಿಯ ಅಣೆಕಟ್ಟು 1944ರಲ್ಲಿ ಮುಗಿಯಿತು, ಫೋರ್ಟ್ ಹೆನ್ರಿಯ ಜಾಗ ಈಗ ಆ ನೀರಿನಡಿ ಇದೆ. ಕಂಬರ್‌ಲ್ಯಾಂಡ್ ದಂಡೆಯ ಫೋರ್ಟ್ ಡೊನೆಲ್ಸನ್ ಉಳಿದಿದೆ. ಅದನ್ನು ಗುರುತಿಸಿಕೊಂಡು ಪಶ್ಚಿಮಕ್ಕೆ ಸುಮಾರು 19 ಕಿಲೋಮೀಟರ್ ಅಳೆದರೆ ಹೆನ್ರಿಯ ಜಾಗ ಸಿಗುತ್ತದೆ.